ಯಜಮಾನರ ಮನೆ, ಯಜಮಾನರ ಕಂಪನಿ: ವೃತ್ತಿ ನಾಟಕ ಮಂಡಳಿಗಳಲ್ಲಿ ಕುಟುಂಬ, ದುಡಿಮೆ ಮತ್ತು ಪಾಲು

ಕನ್ನಡ ವೃತ್ತಿರಂಗಭೂಮಿಯನ್ನು ಕುರಿತು ನಮ್ಮಲ್ಲಿ ಬರವಣಿಗೆಗೆ ಕೊರತೆಯಿಲ್ಲ. ನಟರ ಚರಿತ್ರೆ, ನಾಟಕಗಳ ಚರಿತ್ರೆ, ರಂಗಗೀತೆಗಳ ಸಂಗ್ರಹ, ಪರದೆ ಮತ್ತು ಬೆಳಕಿನ ಸೊಬಗಿನ ನೆನಪುಗಳು, ಕಲಾವಿದರ ಆತ್ಮಕಥನಗಳು ಹೀಗೆ ಸಾಮಗ್ರಿ ಹೇರಳವಾಗಿದೆ. ಆದರೆ ನಾಟಕ ಕಂಪನಿಯೆಂಬುದು ನೂರಾರು ಜನ ದುಡಿದು ಉಂಡ ಒಂದು ಕೆಲಸದ ಸ್ಥಳವೂ ಆಗಿತ್ತೆಂಬ ಸಂಗತಿ ಈ ಬರವಣಿಗೆಯ ಅಂಚಿನಲ್ಲಿಯೇ ಉಳಿದಿದೆ. ಯಾರು ಯಾರಿಗೆ ಸಂಬಳ ಕೊಡುತ್ತಿದ್ದರು, ಯಾರಿಗೆ ಸಂಬಳವೇ ಇರಲಿಲ್ಲ, ಸಾಲ ಯಾರ ಹೆಸರಿನಲ್ಲಿ ಹುಟ್ಟುತ್ತಿತ್ತು, ಕಂಪನಿ ನಿಂತಾಗ ಯಾರ ಪಾಲಿಗೆ ಏನು ಬಂತು ಎಂಬ ಪ್ರಶ್ನೆಗಳನ್ನು ನಾವು ಕೇಳಿದ್ದು ಕಡಿಮೆ. ಈ ಪ್ರಶ್ನೆಗಳನ್ನು ಕೇಳದಿರುವುದಕ್ಕೆ ಒಂದು ಕಾರಣವುಂಟು. ಕಂಪನಿಯವರು ತಮ್ಮನ್ನು ತಾವು ಒಂದು ಕುಟುಂಬವೆಂದು ಕರೆದುಕೊಂಡರು. ಮನೆಯ ಲೆಕ್ಕವನ್ನು ಹೊರಗಿನವರು ಕೇಳುವುದು ನಮ್ಮ ಸಮಾಜದಲ್ಲಿ ಮರ್ಯಾದೆಯಲ್ಲ. ಆ ಮರ್ಯಾದೆಯನ್ನು ತುಸು ಮೀರಿ, ಕಂಪನಿಯನ್ನು ಕುಟುಂಬದ ಒಡೆತನದ ಒಂದು ಉದ್ಯಮವಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಗುಬ್ಬಿ ಕಂಪನಿಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಅಗತ್ಯವಿದ್ದಲ್ಲಿ ಇತರ ಮಂಡಳಿಗಳ ಕಡೆಗೂ ದೃಷ್ಟಿ ಹರಿಸಲಾಗಿದೆ.

ಮೊದಲು ಒಂದು ಪದದ ವಿಚಾರ. ಕಂಪನಿಯ ಒಡೆಯನನ್ನು ನಟರು 'ಮಾಲೀಕರು' ಎಂದೂ 'ಯಜಮಾನರು' ಎಂದೂ ಕರೆಯುತ್ತಿದ್ದರು. ಕನ್ನಡದಲ್ಲಿ ಯಜಮಾನ ಎಂಬ ಮಾತಿಗೆ ಮೂರು ಅರ್ಥಗಳು ಒಟ್ಟಿಗೇ ಇವೆ: ಯಜ್ಞವನ್ನು ಮಾಡಿಸುವವನು, ಮನೆಯ ಹಿರಿಯ, ಹೆಂಡತಿ ಹೆಸರು ಹೇಳದೆ ಸೂಚಿಸುವ ಗಂಡ. ಇವುಗಳ ಜೊತೆಗೆ ಕೆಲಸಕ್ಕಿಟ್ಟುಕೊಂಡ ಧಣಿ ಎಂಬ ನಾಲ್ಕನೆಯ ಅರ್ಥವೂ ಸೇರಿಕೊಂಡಿದೆ. ಗುಬ್ಬಿ ವೀರಣ್ಣನವರಂಥ ಒಬ್ಬ ವ್ಯಕ್ತಿಯಲ್ಲಿ ಈ ನಾಲ್ಕೂ ಅರ್ಥಗಳು ಕೂಡಿದ್ದವು. ಪ್ರದರ್ಶನಕ್ಕೆ ಮುನ್ನ ರಂಗಪೂಜೆ ನಡೆಸುವವರು ಅವರೇ. ಕಂಪನಿಯ ಮನೆಯ ಹಿರಿಯರು ಅವರೇ. ಪ್ರಮುಖ ನಟಿಯರಲ್ಲಿ ಕೆಲವರಿಗೆ ಪತಿ ಅವರೇ. ಉಳಿದವರಿಗೆ ಸಂಬಳ ಕೊಡುವ ಧಣಿಯೂ ಅವರೇ. ಹೀಗಿರುವಾಗ ಒಂದು ಸಂಬಂಧ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂದು ಗೆರೆ ಎಳೆಯುವುದು ಅಂದಿನವರಿಗೂ ಸುಲಭವಾಗಿರಲಿಲ್ಲ.

ಆದರೆ ಕಂಪನಿಗಳು ಹುಟ್ಟಿನಿಂದಲೇ ಕುಟುಂಬದ ಸ್ವತ್ತಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಉತ್ತರ ಕನ್ನಡದ ಕರ್ಕಿಯ ಮೇಳ ಸಾಂಗಲಿಯಲ್ಲಿ ಆಡಿದ ಆಟ ವಿಷ್ಣುದಾಸ ಭಾವೆಯವರ 1843ರ ಮರಾಠಿ ನಾಟಕಕ್ಕೆ ಪ್ರೇರಣೆಯಾಯಿತೆಂಬುದು ಪ್ರಸಿದ್ಧ ಸಂಗತಿ. ಮುಂದೆ ಆ ಮರಾಠಿ ಮಂಡಳಿಗಳು ಉತ್ತರ ಕರ್ನಾಟಕಕ್ಕೆ ಬಂದು ಜನಪ್ರಿಯವಾದಾಗ, ಕನ್ನಡದಲ್ಲಿಯೂ ನಾಟಕವಾಗಬೇಕೆಂಬ ಹಟದಿಂದ ಗದುಗಿನಲ್ಲಿ ಶಾಂತಕವಿಗಳು ಮಂಡಳಿ ಕಟ್ಟಿದರು. ಅದು ಭಾಷಾಭಿಮಾನಿಗಳ ಕೂಟವಾಗಿತ್ತು. ಮೈಸೂರಿನಲ್ಲಿ ಅರಮನೆಯ ಆಶ್ರಯದ ಕಂಪನಿ ಇತ್ತು. ಅಲ್ಲಿ ಯಜಮಾನಿಕೆ ಪ್ರಭುವಿನದು. ಗುಬ್ಬಿಯ ಕಥೆ ಇವೆರಡಕ್ಕಿಂತ ಭಿನ್ನ. 1884ರಲ್ಲಿ ತುಮಕೂರು ಜಿಲ್ಲೆಯ ಆ ಊರಿನಲ್ಲಿ ಮಂಡಳಿ ಸ್ಥಾಪಿಸಿದವರಲ್ಲಿ ಪ್ರಮುಖರು ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬರು. ಒಬ್ಬ ಲಿಂಗಾಯತ, ಒಬ್ಬ ಮುಸಲ್ಮಾನ. ರಕ್ತಸಂಬಂಧದ ಮಾತೇ ಇಲ್ಲ. ಊರ ದೇವರ ಹೆಸರಿನಲ್ಲಿ ಊರವರು ಕಟ್ಟಿದ ಸಂಘವದು. ಅದರ ಪೂರ್ಣ ಹೆಸರಿನಲ್ಲಿ ಬರುವ 'ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ' ಎಂಬ ಪದಪುಂಜವನ್ನು ಗಮನಿಸಿದರೆ, ಕಾಗದದ ಮೇಲಾದರೂ ಅದರ ಪೋಷಕ ಯಾವ ಮನುಷ್ಯನೂ ಅಲ್ಲ.

1891ರಲ್ಲಿ ಹುಟ್ಟಿದ ವೀರಣ್ಣನವರು ಸುಮಾರು ಆರನೆಯ ವಯಸ್ಸಿನಲ್ಲಿ ಬಾಲನಟರಾಗಿ ಈ ಮಂಡಳಿಯನ್ನು ಸೇರಿದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅದರ ಒಡೆತನ ಅವರ ಕೈಗೆ ಬಂತು. ಬಾಲನಟನೊಬ್ಬ ಮಾಲೀಕನಾದ ಈ ಕಥೆಯನ್ನು ನಾವು ವ್ಯಕ್ತಿಯ ಸಾಹಸವಾಗಿ ಓದುತ್ತ ಬಂದಿದ್ದೇವೆ. ಅದು ಸಾಹಸವೇ ಹೌದು. ಅದರ ಜೊತೆಗೆ ಸಂಸ್ಥೆಯೊಂದರ ಸ್ವರೂಪ ಬದಲಾದ ಕಥೆಯೂ ಅಲ್ಲಿದೆ. ಊರವರ ಮಂಡಳಿ ಒಬ್ಬರ ಕಂಪನಿಯಾಯಿತು, ಒಬ್ಬರ ಕಂಪನಿ ಒಂದು ಮನೆತನದ ಕಂಪನಿಯಾಯಿತು. ಹೀಗಾಗಲು ಕಾರಣವೇನು?

ಮೊದಲನೆಯದು ಸಾಲ. ಸಂಚಾರಿ ಕಂಪನಿಯೆಂದರೆ ಪರದೆಗಳು, ಉಡುಪಿನ ಪೆಟ್ಟಿಗೆಗಳು, ದೀಪದ ಸಾಮಾನು, ತಗಡಿನ ಥಿಯೇಟರು, ಇಷ್ಟನ್ನೂ ಊರಿಂದೂರಿಗೆ ಸಾಗಿಸುವ ರೈಲಿನ ಮತ್ತು ಗಾಡಿಯ ಬಾಡಿಗೆ. ಮೊಕ್ಕಾಂ ಬದಲಾದಾಗಲೆಲ್ಲ, ಟಿಕೆಟ್ಟಿನ ಮೊದಲ ಕಾಸು ಬರುವ ಮುನ್ನವೇ ದೊಡ್ಡ ಮೊತ್ತ ಕೈಯಿಂದ ಹೋಗುತ್ತಿತ್ತು. ಮಳೆ ಹಿಡಿದರೆ, ಊರಿಗೆ ಪ್ಲೇಗು ಬಂದರೆ, ಬೆಳೆ ಕೆಟ್ಟರೆ ಥಿಯೇಟರು ಖಾಲಿ. ಆದರೆ ಒಲೆ ಆರುವಂತಿಲ್ಲ. ಇಂಥ ವ್ಯವಹಾರಕ್ಕೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಊರಿನ ಸಾಹುಕಾರ ಕೊಡಬೇಕು. ಸಾಹುಕಾರನಿಗೆ 'ಸಂಘ' ಎಂಬುದು ನಂಬಿಕೆಯ ವಸ್ತುವಲ್ಲ. ಆತನಿಗೆ ಒಂದು ಮುಖ ಬೇಕು, ಒಂದು ಮನೆ ಬೇಕು, ಅಡವಿಗೆ ನಾಲ್ಕು ಒಡವೆ ಬೇಕು. ಒಡವೆಗಳು ಇರುತ್ತಿದ್ದುದು ಮನೆಯ ಹೆಂಗಸರ ಮೈಮೇಲೆ. ಹೀಗೆ ಕಂಪನಿಯ ಬಂಡವಾಳದ ಮೂಲ ಒಂದು ಕುಟುಂಬದ ಒಳಗೆ ಬಂದು ಸೇರಿತು. ನಾಟಕ ಕಂಪನಿಗಳು ಕುಟುಂಬದ ಸ್ವತ್ತಾದದ್ದಕ್ಕೆ ಸಂಪ್ರದಾಯಪ್ರಿಯತೆಗಿಂತ ಈ ಸಾಲದ ವ್ಯವಸ್ಥೆಯೇ ಹೆಚ್ಚು ಕಾರಣವೆಂದು ನನ್ನ ಅಭಿಪ್ರಾಯ.

ಎರಡನೆಯದು ಅಡುಗೆಮನೆ. ಕಂಪನಿ ಹೋದಲ್ಲೆಲ್ಲ 'ಕಂಪನಿ ಮನೆ' ಎಂದು ಒಂದು ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ನಟರು, ಸಂಗೀತದವರು, ಪರದೆ ಎಳೆಯುವವರು, ಬಾಲನಟರು ಎಲ್ಲರಿಗೂ ಊಟ ಅಲ್ಲಿಯೇ. ಆದ್ದರಿಂದ ಸಂಬಳವೆಂಬುದು ಊಟ ಕಳೆದು ಉಳಿದ ಹಣ. ಮೇಲ್ನೋಟಕ್ಕೆ ಸಣ್ಣ ಸಂಗತಿಯೆಂದು ಕಾಣುವ ಇದು ಬಹಳ ದೊಡ್ಡ ಪರಿಣಾಮವನ್ನು ಉಂಟುಮಾಡಿತು. ಕಲೆಕ್ಷನ್ ಇಲ್ಲದ ತಿಂಗಳುಗಳಲ್ಲಿ ಸಂಬಳ ನಿಲ್ಲುತ್ತಿತ್ತು, ಊಟ ನಿಲ್ಲುತ್ತಿರಲಿಲ್ಲ. ಉಂಡ ಮನೆಯ ಲೆಕ್ಕ ಕೇಳುವುದು ಹೇಗೆ? ಬಾಕಿ ಸಂಬಳ ಹೀಗೆ ಋಣವಾಗಿ ಪರಿವರ್ತನೆಗೊಳ್ಳುತ್ತಿತ್ತು, ಅದೂ ತಿರುವುಮುರುವಾಗಿ: ಕೊಡಬೇಕಾದವನು ಧಣಿ, ಋಣದಲ್ಲಿರುವವನು ನಟ. 'ಅನ್ನದ ಋಣ' ಎಂಬ ಮಾತಿಗೆ ಕಂಪನಿಗಳಲ್ಲಿ ಇದ್ದ ತೂಕವನ್ನು ಹಳೆಯ ಕಲಾವಿದರ ಮಾತುಗಳಲ್ಲಿ ಎಲ್ಲೆಲ್ಲೂ ಕಾಣಬಹುದು. ಬಡತನದ, ಬರದ ಕಾಲದಲ್ಲಿ ಎರಡು ಹೊತ್ತಿನ ಊಟ ನಿಶ್ಚಿತವಾಗಿ ದೊರೆಯುತ್ತಿದ್ದ ಸ್ಥಳವನ್ನು ಅವರು ಕೃತಜ್ಞತೆಯಿಂದ ನೆನೆದರೆ ಅದನ್ನು ದಾಸ್ಯದ ಮನೋಭಾವವೆಂದು ತಳ್ಳಿಹಾಕುವುದು ಅನ್ಯಾಯ. ಅದೇ ಸಮಯದಲ್ಲಿ, ಕೃತಜ್ಞತೆಯ ಮಾತನ್ನೇ ಲೆಕ್ಕಪುಸ್ತಕವೆಂದು ಚರಿತ್ರಕಾರನು ಸ್ವೀಕರಿಸುವಂತಿಲ್ಲ.

ವೀರಣ್ಣನವರ ಆತ್ಮಕಥನದ ಹೆಸರು 'ಕಲೆಯೇ ಕಾಯಕ'. ಕಾಯಕದ ಪರಿಕಲ್ಪನೆಯ ಜೊತೆಗೆ ದಾಸೋಹದ ಪರಿಕಲ್ಪನೆಯೂ ಬರುತ್ತದೆ. ಕಂಪನಿಯ ಪಂಕ್ತಿಯೂಟವನ್ನು ಆ ಬೆಳಕಿನಲ್ಲಿ ನೋಡುವುದು ಅಸಂಗತವಲ್ಲ. ಆದರೆ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಇದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಹಿಂದಕ್ಕೆ ಕಳುಹಿಸಿದವಳು ಆಕೆ. ಕಾಯಕದಲ್ಲಿ ಲೆಕ್ಕವೂ ಇದೆ, ಆ ಲೆಕ್ಕವನ್ನು ಕೇಳುವ ಹಕ್ಕು ಮನೆಯ ಹೆಣ್ಣಿಗೂ ಇದೆ ಎಂಬುದು ಆ ಪ್ರಸಂಗದ ಇಂಗಿತ. ಕಂಪನಿಗಳು ಕಾಯಕದ ಮೊದಲ ಅರ್ಧವನ್ನು ಉಳಿಸಿಕೊಂಡಷ್ಟು ಚೆನ್ನಾಗಿ ಎರಡನೆಯ ಅರ್ಧವನ್ನು ಉಳಿಸಿಕೊಳ್ಳಲಿಲ್ಲ.

ಸಂಬಳದ ಜೊತೆಗೆ ಇನ್ನೆರಡು ಏರ್ಪಾಡುಗಳಿದ್ದವು. ಒಂದು 'ಮುಂಗಡ'. ಕಂಪನಿ ಸೇರುವಾಗ ನಟನು ಒಂದು ಮೊತ್ತವನ್ನು ಪಡೆಯುತ್ತಿದ್ದ. ಅದು ತೀರುವವರೆಗೆ ಬಿಡುವಂತಿಲ್ಲ. ಮದುವೆ, ಕಾಯಿಲೆ, ಊರಿನ ಸಾಲ ಎಂದು ಮತ್ತೆ ಮತ್ತೆ ಬೆಳೆಯುತ್ತಿದ್ದುದರಿಂದ ಅದು ತೀರುವುದೂ ಅಪರೂಪ. ಬೇರೆ ಕಂಪನಿಯವರು ಒಳ್ಳೆಯ ನಟನನ್ನು ಸೆಳೆಯಬೇಕಾದರೆ ಆ ಮುಂಗಡವನ್ನು ತೀರಿಸಿ ಬಿಡಿಸಿಕೊಂಡು ಹೋಗಬೇಕಾಗುತ್ತಿತ್ತು. ಇನ್ನೊಂದು 'ಬೆನಿಫಿಟ್' ನಾಟಕ. ಒಂದು ರಾತ್ರಿಯ ಉತ್ಪನ್ನವನ್ನು ನಟನೊಬ್ಬನಿಗೋ ನಟಿಯೊಬ್ಬಳಿಗೋ ಬಿಟ್ಟುಕೊಡುವ ಪದ್ಧತಿಯಿದು. ಪ್ರೇಕ್ಷಕರು ಅಂದು ಉಡುಗೊರೆ ತರುತ್ತಿದ್ದರು, ರಂಗದ ಮೇಲೆಯೇ ಸನ್ಮಾನವಾಗುತ್ತಿತ್ತು. ಲಾಭದಲ್ಲಿ ಪಾಲು ಎಂಬುದಕ್ಕೆ ಕಂಪನಿಯ ವ್ಯವಸ್ಥೆಯಲ್ಲಿದ್ದ ಅತಿ ಸಮೀಪದ ರೂಪ ಇದೊಂದೇ. ಆದರೆ ಅದು ದೊರೆಯುತ್ತಿದ್ದುದು ಯಜಮಾನರ ಔದಾರ್ಯದಿಂದ, ಹಕ್ಕಿನಿಂದಲ್ಲ.

ಮಕ್ಕಳ ವಿಷಯ ಬಂದಾಗ ಕುಟುಂಬ ಮತ್ತು ಕಂಪನಿಯ ನಡುವಣ ಗೆರೆ ಇನ್ನಷ್ಟು ಮಸುಕಾಗುತ್ತದೆ. ಗುಬ್ಬಿ ಕಂಪನಿಯ ಆಶ್ರಯದಲ್ಲಿ ಬಾಲಕಲಾವಿದರದೇ ಒಂದು ತಂಡವಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಪೌರಾಣಿಕ ನಾಟಕಗಳ ರೌದ್ರಪಾತ್ರಗಳಿಗೆ ಹೆಸರಾಗಿ ಅಲ್ಲಿ ದುಡಿಯುತ್ತಿದ್ದಾಗ ಅವರ ಮಕ್ಕಳೂ ಕಂಪನಿಯಲ್ಲಿಯೇ ಬೆಳೆದರು; ಹಿರಿಯ ಮಗ ಮುತ್ತುರಾಜನ ಶಾಲೆಯ ಓದು ಕೆಳಗಿನ ತರಗತಿಗಳಲ್ಲಿಯೇ ನಿಂತಿತು. ಆ ಮುತ್ತುರಾಜರೇ ಮುಂದೆ ರಾಜಕುಮಾರ್ ಆದರು. ಇಲ್ಲಿ ನಾವು ಕಾಣುವುದು ಒಂದು ಕುಟುಂಬವನ್ನಲ್ಲ, ಎರಡು ಕುಟುಂಬಗಳನ್ನು: ಮಾಲೀಕರ ಕುಟುಂಬ ಮತ್ತು ಅದರೊಳಗೆ ಇಡಿಯಾಗಿ ನೆಲೆಸಿದ ದುಡಿಯುವವರ ಕುಟುಂಬ. ತಂದೆಯ ಹಿಂದೆ ಮಗ, ಅಣ್ಣನ ಹಿಂದೆ ತಮ್ಮ ತಂಗಿಯರು ಎಂಬಂತೆ ಎರಡೂ ಕಡೆಯಲ್ಲಿ ತಲೆಮಾರು ಮುಂದುವರಿಯುತ್ತಿತ್ತು. ಮಾಲೀಕರ ಮಕ್ಕಳೂ ನಟರ ಮಕ್ಕಳೂ ಒಂದೇ ಮಾಸ್ತರರ ಹಾರ್ಮೋನಿಯಂ ಮುಂದೆ ಕುಳಿತು ಹಾಡು ಕಲಿತರು, ಅದೇ ಏಟು ತಿಂದರು. ಕಲಿಕೆಯಲ್ಲಿ ಭೇದವಿರಲಿಲ್ಲ. ಭೇದ ಕಾಣಿಸುತ್ತಿದ್ದುದು ಕಲಿತದ್ದರ ಫಲ ಎಲ್ಲಿಗೆ ಸೇರುತ್ತದೆ ಎಂಬಲ್ಲಿ.

ಸ್ತ್ರೀಯರ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಗಂಡಸರೇ ಹೆಣ್ಣಿನ ಪಾತ್ರ ವಹಿಸುತ್ತಿದ್ದ ಕಾಲದಲ್ಲಿ ನಟಿಯರನ್ನು ರಂಗಕ್ಕೆ ತಂದವರ ಸಾಲಿನಲ್ಲಿ ವೀರಣ್ಣನವರದು ಮುಖ್ಯ ಹೆಸರು. ಅವರ ಪತ್ನಿಯರಾದ ಸುಂದರಮ್ಮನವರೂ ಬಿ. ಜಯಮ್ಮನವರೂ ಕಂಪನಿಯ ಪ್ರಮುಖ ನಟಿಯರು. ಉತ್ತರದಲ್ಲಿ ಏಣಗಿ ಬಾಳಪ್ಪನವರ ಕಂಪನಿಯಲ್ಲಿ ಲಕ್ಷ್ಮೀಬಾಯಿಯವರು, ಮೈಸೂರಿನ ಕಡೆಯ ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಮಂಡಳಿಯಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಇದೇ ರೀತಿ ಮಾಲೀಕರ ಮಡದಿಯರೂ ಕಂಪನಿಯ ನಟಿಯರೂ ಆಗಿದ್ದರು. ಈ ವಿವಾಹಗಳ ಖಾಸಗಿ ಕಾರಣಗಳನ್ನು ಊಹಿಸುವುದು ಚರಿತ್ರಕಾರನ ಕೆಲಸವಲ್ಲ. ಅವುಗಳ ಸಾಂಸ್ಥಿಕ ಪರಿಣಾಮವನ್ನು ಮಾತ್ರ ನಾವು ಪರಿಶೀಲಿಸಬಹುದು. ರಂಗದ ಮೇಲೆ ಬರುವ ಹೆಣ್ಣನ್ನು ಸಮಾಜ ಸಂಶಯದಿಂದ ನೋಡುತ್ತಿದ್ದ ಕಾಲದಲ್ಲಿ ಮಾಲೀಕರ ಮನೆಯಾಕೆ ಎಂಬ ಸ್ಥಾನ ಆಕೆಗೆ ಒಂದು ಮರೆಯಾಗಿತ್ತು, ಗೌರವವಾಗಿತ್ತು. ಅದೇ ಸ್ಥಾನ ಆಕೆಯನ್ನು ಸಂಬಳದ ಪಟ್ಟಿಯಿಂದ ಹೊರಗಿಟ್ಟಿತು. ಬೇರೆ ಕಂಪನಿಗೆ ಹೋಗುತ್ತೇನೆಂದು ಹೇಳಿ ಸಂಬಳ ಏರಿಸಿಕೊಳ್ಳುವ ಶಕ್ತಿ ಸಾಮಾನ್ಯ ನಟನಿಗೂ ಇತ್ತು. ಜನ ಯಾರ ಹಾಡಿಗಾಗಿ ಟಿಕೆಟ್ಟು ಕೊಳ್ಳುತ್ತಿದ್ದರೋ ಆ ನಟಿಗೆ ಇರಲಿಲ್ಲ. ರಾತ್ರಿ ಎರಡು ಗಂಟೆಯವರೆಗೆ ರಾಣಿಯಾಗಿದ್ದು, ಬಣ್ಣ ಒರೆಸಿಕೊಂಡು, ಬೆಳಗ್ಗೆ ಎಷ್ಟು ಸೇರು ಅಕ್ಕಿ ಹಾಕಬೇಕೆಂದು ಅಡುಗೆಯವರಿಗೆ ಹೇಳಬೇಕಾದ ಹೊಣೆ ಆಕೆಯದೇ. ಈ ಎರಡನೆಯ ದುಡಿಮೆಯ ಬಗ್ಗೆ ರಂಗಭೂಮಿಯ ಚರಿತ್ರೆಗಳು ಬಹುಮಟ್ಟಿಗೆ ಮೌನವಾಗಿವೆ. ಇದ್ದರೂ 'ತಾಯಿಯಂತೆ ನೋಡಿಕೊಂಡರು' ಎಂಬ ಒಂದು ವಾಕ್ಯಕ್ಕೆ ಅದು ಮುಗಿದುಹೋಗುತ್ತದೆ.

ಕಲೆಯಿಂದ ಬಂದ ಗಳಿಕೆ ಯಾರದು ಎಂಬ ಪ್ರಶ್ನೆ ಕಂಪನಿಗಳಿಗಿಂತ ಬಹಳ ಹಳೆಯದು. ಅದಕ್ಕೆ ನಮ್ಮ ನಾಡಿನೊಡನೆ ವಿಶೇಷ ಸಂಬಂಧವೂ ಇದೆ. ಅವಿಭಕ್ತ ಕುಟುಂಬದ ಆಸ್ತಿಯ ಬಗ್ಗೆ ಭಾರತದ ಬಹುಭಾಗದ ನ್ಯಾಯಾಲಯಗಳು ಪ್ರಮಾಣವೆಂದು ಒಪ್ಪಿದ 'ಮಿತಾಕ್ಷರಾ' ರಚಿತವಾದದ್ದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನಿಂದ. ಪಿತ್ರಾರ್ಜಿತಕ್ಕೆ ಹಾನಿಯಾಗದಂತೆ ಸ್ವಂತ ವಿದ್ಯೆಯಿಂದ ಗಳಿಸಿದ್ದು ಗಳಿಸಿದವನದೇ ಎಂಬ ವಿನಾಯಿತಿ ಆ ಪರಂಪರೆಯಲ್ಲಿತ್ತು. ಆದರೆ ವಿದ್ಯೆ ಕಲಿಸಿದ ಖರ್ಚು ಕುಟುಂಬದ್ದಾದರೆ? ಆಗ ಗಳಿಕೆಯೂ ಕುಟುಂಬದ್ದೇ ಎಂಬ ವ್ಯಾಖ್ಯಾನವನ್ನು ಬ್ರಿಟಿಷ್ ಕಾಲದ ನ್ಯಾಯಾಲಯಗಳು ಬೆಳೆಸಿದವು. ಮದರಾಸು ಹೈಕೋರ್ಟು 1864ರಲ್ಲಿ ತೀರ್ಮಾನಿಸಿದ ಮೊಕದ್ದಮೆ ನೃತ್ಯವೃತ್ತಿಯ ಸ್ತ್ರೀಯರ ಮನೆತನವೊಂದಕ್ಕೆ ಸೇರಿದ್ದು. ಕುಟುಂಬದ ಖರ್ಚಿನಲ್ಲಿ ಕಲಿತ ನರ್ತಕಿಯ ಸಂಪಾದನೆ ಹಂಚಿಕೆಗೆ ಒಳಪಟ್ಟದ್ದೆಂದು ಅಲ್ಲಿ ಹೇಳಲಾಯಿತು. 1921ರಲ್ಲಿ ಪ್ರಿವಿ ಕೌನ್ಸಿಲ್ ಐ.ಸಿ.ಎಸ್. ಅಧಿಕಾರಿಯೊಬ್ಬನ ಸಂಬಳದ ವಿಷಯದಲ್ಲಿಯೂ ಇದೇ ದಾರಿ ಹಿಡಿದಾಗ ವಿದ್ಯಾವಂತ ವರ್ಗ ಎಚ್ಚೆತ್ತಿತು. 1930ರಲ್ಲಿ ವಿದ್ಯಾರ್ಜಿತ ಧನದ ಕಾಯಿದೆ ಬಂತು. ಯಾರ ಖರ್ಚಿನಲ್ಲಿ ಕಲಿತಿದ್ದರೂ ವಿದ್ಯೆಯ ಗಳಿಕೆ ಕಲಿತವನದೇ ಎಂದು ಅದು ಸಾರಿತು. ವಿದ್ಯೆ ಎಂಬುದರಲ್ಲಿ ಯಾವುದೇ ವೃತ್ತಿಗೆ ತೊಡಗಿಸುವ ತರಬೇತಿಯೂ ಸೇರುತ್ತದೆಂದು ಸ್ಪಷ್ಟಪಡಿಸಿತು. ನರ್ತಕಿಗೆ ದೊರೆಯದ ನ್ಯಾಯ ಅಧಿಕಾರಿಯ ಸಂಬಳಕ್ಕೆ ಕುತ್ತು ಬಂದಾಗ ದೊರೆಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಸಂಬಂಧಿಸಿದ್ದು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ತನ್ನದೇ ಕಾಯಿದೆಯನ್ನು ಮಾಡಿತು. ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿ, ಅವಿವಾಹಿತ ಹೆಣ್ಣುಮಕ್ಕಳು ಮೊದಲಾದವರಿಗೆ ಪಾಲು ಕೊಟ್ಟ ಅದು ಆ ಕಾಲಕ್ಕೆ ಮುಂದುವರಿದ ಶಾಸನ. ಆದರೆ ನಾಟಕ ಕಂಪನಿಯಂಥ ಸಂಸ್ಥೆಯಲ್ಲಿ ಪಾಲು ಮಾಡಲು ಇದ್ದದ್ದೇನು? ಹಳೆಯ ಪರದೆಗೆ ಬೆಲೆಯಿಲ್ಲ, ಆಡಿಹೋದ ನಾಟಕಕ್ಕೆ ಬೆಲೆಯಿಲ್ಲ, ಸಾಲಕ್ಕೆ ಮಾತ್ರ ಬರಹವಿತ್ತು. ನಾಟಕ ಬರೆದವರ ಹಕ್ಕಿನ ಸ್ಥಿತಿಯೂ ಇದಕ್ಕಿಂತ ಗಟ್ಟಿಯಾಗಿರಲಿಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ'ಯನ್ನು ಜನ ನೆನೆಯುವುದು ವೀರಣ್ಣನವರ ಕಳ್ಳನ ಪಾತ್ರದಿಂದ. ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ' 1934ರಲ್ಲಿ ಬೆಂಗಳೂರಿನಲ್ಲಿ ಆನೆ ಕುದುರೆಗಳೊಡನೆ ರಂಗಕ್ಕೆ ಬಂದಾಗ ಅದು ಗುಬ್ಬಿಯವರ 'ಕುರುಕ್ಷೇತ್ರ'ವೇ ಆಯಿತು. ಅದೇ 1934ರಲ್ಲಿ ಸುಬ್ಬಯ್ಯ ನಾಯ್ಡು ಅವರು ನಾಯಕರಾಗಿದ್ದ 'ಸತಿ ಸುಲೋಚನಾ' ಬಿಡುಗಡೆಯಾಗಿ ಕನ್ನಡ ವಾಕ್ಚಿತ್ರ ಆರಂಭಗೊಂಡಿತು. ಕಂಪನಿಯ ವೈಭವದ ಶಿಖರ ಮತ್ತು ಅದರ ಪ್ರತಿಸ್ಪರ್ಧಿಯ ಹುಟ್ಟು ಒಂದೇ ವರ್ಷದಲ್ಲಿ ಆದದ್ದು ಕಾಕತಾಳೀಯವಾದರೂ ಮರೆಯತಕ್ಕದ್ದಲ್ಲ.

ಇನ್ನು ಉತ್ತರಾಧಿಕಾರ. ವಸ್ತುರೂಪದ ಆಸ್ತಿ ಕಡಿಮೆಯಿದ್ದುದರಿಂದ ಕಂಪನಿಯ ಮನೆತನಗಳಲ್ಲಿ ಮುಂದಿನ ತಲೆಮಾರಿಗೆ ಬಂದದ್ದು ಮುಖ್ಯವಾಗಿ ಹೆಸರು ಮತ್ತು ಕಸುಬು. ಇದರ ಅಕ್ಷರಶಃ ನಿದರ್ಶನ ಹಿರಣ್ಣಯ್ಯನವರ ಮನೆತನ. ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡ ಮೇಲೆ ಮಗ ನರಸಿಂಹಮೂರ್ತಿ ಮಂಡಳಿಯನ್ನು ಮುಂದುವರಿಸಿದರು. ನಾಡು ಅವರನ್ನು ಕೊನೆಯವರೆಗೂ ಕರೆದದ್ದು ಮಾಸ್ಟರ್ ಹಿರಣ್ಣಯ್ಯ ಎಂದೇ. ತಂದೆಯ ಹೆಸರೇ ಮಗನ ಹೆಸರಾಯಿತು. 'ಲಂಚಾವತಾರ'ದಿಂದ ಆ ಹೆಸರಿಗೆ ಹೊಸ ಬಂಡವಾಳ ತುಂಬಿದವರು ಅವರು. 2019ರಲ್ಲಿ ನಿಧನರಾಗುವ ಹೊತ್ತಿಗೆ ಮೂರನೆಯ ತಲೆಮಾರಿನ ಬಾಬು ಹಿರಣ್ಣಯ್ಯ ರಂಗದ ಮೇಲಿದ್ದರು. ಗುಬ್ಬಿ ಮನೆತನದಲ್ಲಿ ಮಗ ಜಿ.ವಿ. ಶಿವಾನಂದ, ಮಗಳು ಮಾಲತಮ್ಮ ರಂಗಭೂಮಿಯಲ್ಲಿಯೇ ಉಳಿದರು. ಮಾಲತಮ್ಮನವರ ಮಗಳು ಬಿ. ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. ಅಜ್ಜನ ಕಂಪನಿಯ ಹಾಡು ಅವರ ಕಂಠದಲ್ಲಿ ಉಳಿಯಿತು. ಅಜ್ಜನ ಕಂಪನಿಯ ವ್ಯವಹಾರಪದ್ಧತಿ ಆ ತಂಡದಲ್ಲಿ ಉಳಿಯಲಿಲ್ಲ. ಏಣಗಿ ಬಾಳಪ್ಪನವರು 1914ರಿಂದ 2017ರವರೆಗೆ ನೂರು ವರ್ಷ ಮೀರಿ ಬದುಕಿದರು. ನಟನಾಗಿ ಹೆಸರು ಮಾಡಿದ ಮಗ ನಟರಾಜ ತಂದೆಗಿಂತ ಮೊದಲೇ, 2012ರಲ್ಲಿ, ತೀರಿಕೊಂಡರು.

ಮನೆತನದ ಚೌಕಟ್ಟಿನ ಹೊರಗೆ ಹೋಗಲು ಪ್ರಯತ್ನಿಸಿದವರೂ ಇದ್ದಾರೆ, ಅವರ ಕಥೆ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಹಲವು ಕಂಪನಿಗಳಲ್ಲಿ ದುಡಿದ ಆರ್. ನಾಗರತ್ನಮ್ಮನವರು 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಗಂಡುಪಾತ್ರಗಳೂ ಸೇರಿ ಎಲ್ಲ ಪಾತ್ರಗಳೂ ಹೆಂಗಸರವು. ಕಂಸ, ದುರ್ಯೋಧನರಂಥ ಪಾತ್ರಗಳಿಗೆ ಸ್ವತಃ ನಾಗರತ್ನಮ್ಮನವರೇ ಪ್ರಸಿದ್ಧರು. ನೋಡುಗರಿಗೆ ಇದು ಕೌತುಕದ ಸಂಗತಿಯಾಗಿತ್ತು. ದುಡಿಮೆಯ ದೃಷ್ಟಿಯಿಂದ ನೋಡಿದರೆ, ನಟಿಯೊಬ್ಬಳು ಯಾರ ಮನೆಯಾಕೆಯೂ ಆಗದೆ, ಯಾರ ಮನೆಗೂ ಮಗಳಾಗದೆ ಯಜಮಾನಿಯಾದದ್ದು ಅಲ್ಲಿಯ ನಿಜವಾದ ಹೊಸತನ.

ಇನ್ನೊಂದು ಪ್ರಯತ್ನ ಗುಬ್ಬಿ ಕಂಪನಿಯ ಒಡಲಿನಿಂದಲೇ ಬಂದದ್ದು. 1954ರ 'ಬೇಡರ ಕಣ್ಣಪ್ಪ' ಚಿತ್ರದ ನಿರ್ಮಾಣದಲ್ಲಿ ಗುಬ್ಬಿಯವರ ಪಾತ್ರವಿತ್ತು. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಹೀಗೆ ಅದರಲ್ಲಿ ಕಾಣಿಸಿಕೊಂಡವರು ಕಂಪನಿಯ ಗರಡಿಯಲ್ಲಿ ಪಳಗಿದವರು. ಆ ದಶಕದ ಕೊನೆಗೆ ಕನ್ನಡ ಚಿತ್ರಗಳ ಸಂಖ್ಯೆ ಇಳಿದು ಕೆಲಸ ಕಡಿಮೆಯಾದಾಗ, ಇವರು ಮೂವರೂ ಟಿ.ಎನ್. ಬಾಲಕೃಷ್ಣ ಅವರೊಡನೆ ಸೇರಿ ಕಲಾವಿದರದೇ ಒಂದು ಸಂಘ ಮಾಡಿಕೊಂಡರು. ನಾಡಿನಲ್ಲೆಲ್ಲ ಸುತ್ತಿ ನಾಟಕ ಆಡಿದರು. 1960ರಲ್ಲಿ 'ರಣಧೀರ ಕಂಠೀರವ'ವನ್ನು ನಿರ್ಮಿಸಿದರು. ನಾಲ್ವರೂ ಕಂಪನಿಯ ಊಟ ಉಂಡು ಬೆಳೆದವರು, ಯಜಮಾನರ ಬಗ್ಗೆ ಜೀವಮಾನವಿಡೀ ಭಕ್ತಿಯಿಂದ ಮಾತನಾಡಿದವರು. ಆದರೂ ತಮ್ಮ ಕೈಯಲ್ಲಿ ಕಟ್ಟುವ ಅವಕಾಶ ಬಂದಾಗ ಅವರು ಆರಿಸಿಕೊಂಡದ್ದು ಯಜಮಾನಿಕೆಯನ್ನಲ್ಲ, ಸಮಪಾಲಿನ ಸಹಭಾಗಿತ್ವವನ್ನು. ಮಾತಿನಲ್ಲಿ ಅವರು ಹೇಳದೆ ಬಿಟ್ಟದ್ದನ್ನು ಈ ಕೃತಿ ಹೇಳುತ್ತದೆಂದು ನಾನು ಭಾವಿಸುತ್ತೇನೆ.

ಆ ಸಹಭಾಗಿತ್ವ ಬಹಳ ಕಾಲ ಬಾಳಲಿಲ್ಲವೆಂಬುದೂ ಅಷ್ಟೇ ನಿಜ. ಚಿತ್ರೋದ್ಯಮ ಬೆಳೆದು ಬಂಡ್ವಾಳ ದೊಡ್ಡದಾದಂತೆ ಮನೆತನದ ಮಾದರಿಯೇ ಮತ್ತೆ ಮೇಲುಗೈ ಪಡೆಯಿತು. ರಾಜಕುಮಾರ್ ಅವರ ವ್ಯವಹಾರ ಮತ್ತು ಕಥೆಯ ಆಯ್ಕೆಯಲ್ಲಿ ತಮ್ಮ ವರದರಾಜ್ ಅವರ ಮಾತಿಗೆ ತೂಕವಿತ್ತು. 1975ರ 'ತ್ರಿಮೂರ್ತಿ'ಯಿಂದ ಪಾರ್ವತಮ್ಮನವರು ನಿರ್ಮಾಪಕಿಯಾದರು. ಒಂದು ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಹಳೆಯ ಕಂಪನಿಯಲ್ಲಿ ಮನೆಯಾಕೆಯ ದುಡಿಮೆಗೆ ಹೆಸರಿರಲಿಲ್ಲ. ಇಲ್ಲಿ ಚಿತ್ರದ ಮೊದಲ ಚೌಕಟ್ಟಿನಲ್ಲಿಯೇ ನಿರ್ಮಾಪಕಿಯಾಗಿ ಆಕೆಯ ಹೆಸರು ಬರುತ್ತದೆ, ಲೆಕ್ಕವೂ ಆಕೆಯ ಕೈಯಲ್ಲಿರುತ್ತದೆ. ಕಂಪನಿ ಮನೆಯ ಅಡುಗೆಯ ಉಗ್ರಾಣದ ಬೀಗದ ಕೈ ಮತ್ತು ಹಣದ ಪೆಟ್ಟಿಗೆಯ ಬೀಗದ ಕೈ ಒಂದೇ ಸೆರಗಿಗೆ ಬರಲು ಅಷ್ಟು ಕಾಲ ಬೇಕಾಯಿತು.

ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಗೆ ಪುಷ್ಯ ಮಾಸದಲ್ಲಿ ಇಂದಿಗೂ ವೃತ್ತಿ ನಾಟಕ ಕಂಪನಿಗಳು ಬಂದು ಸಾಲಾಗಿ ಥಿಯೇಟರು ಹಾಕುತ್ತವೆ. ಅವುಗಳ ನಾಟಕದ ಗುಣದ ಬಗ್ಗೆ ವಿದ್ವಾಂಸರಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಅದು ಬೇರೆ ಚರ್ಚೆ. ಕೆಲಸದ ವ್ಯವಸ್ಥೆ ಮಾತ್ರ ನಾವು ಮೇಲೆ ಕಂಡದ್ದೇ. ಟಿಕೆಟ್ಟಿನ ಕಿಂಡಿಯ ಹಿಂದೆ ಮಾಲೀಕರ ಮನೆಯವರೊಬ್ಬರು, ರಂಗದ ಮೇಲೆ ಇನ್ನೊಬ್ಬರು, ಥಿಯೇಟರಿನ ಹಿಂಬದಿಯಲ್ಲಿ ಎಲ್ಲರಿಗೂ ಒಂದೇ ಒಲೆ. ನಟರು ಮುಂಗಡ ಪಡೆದು ಬರುತ್ತಾರೆ. ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕುವ ವಯಸ್ಸಾದ ಕಲಾವಿದರು, ತಾವು ಇಂತಿಷ್ಟು ವರ್ಷ ದುಡಿದಿದ್ದೇವೆ ಎಂಬುದಕ್ಕೆ ದಾಖಲೆ ತರಬೇಕಾಗುತ್ತದೆ. ನೇಮಕದ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ. ಅವರು ತರುವುದು ಹಳೆಯ ಕರಪತ್ರಗಳನ್ನು. ಅದರಲ್ಲಿ ಪಾತ್ರದ ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ ಅವರ ಹೆಸರು ಅಚ್ಚಾಗಿರುತ್ತದೆ, ಕೆಲವೊಮ್ಮೆ ವರ್ಷವಿರುವುದಿಲ್ಲ.